ಅಣ್ಣನ ಹತ್ತಿರ ರಜೆ ಚೀಟಿ ಕೇಳಬಾರದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ಮೇಲೆ ಬರೆ, ಆಗ ಹದವಾಗಿ ಬರುತ್ತದೆ ಎಂದು ನನ್ನ ಗಂಡ ಎರಡು ಸಲ ಹೇಳಿದರು. ಹದ ನೋಡಿ ಒಲೆಯಿಂದ ಇಳಿಸಲಿಕ್ಕೆ ಇದೇನು ಪಾಯಸವೇ? ಇಳಿಯುವವರೆಗೆ ಕಾದರೆ ನಾನೂ ಉಳಿದವರ ಹಾಗೆ ಮರೆತುಬಿಡುತ್ತೇನೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಕುವೈತಿನಲ್ಲಿ ನಮ್ಮ ಕರಾವಳಿಯವರದ್ದೊಂದು ಸಂಘವಿದೆ. ತುಳುವಿನವರು, ಕೊಂಕಣಿಯವರು, ಬ್ಯಾರಿಗಳು ಎಲ್ಲ ಸೇರಿ ವರ್ಷಕ್ಕೊಂದು ಕನ್ನಡ ನಾಟಕ ಮಾಡುತ್ತೇವೆ. ಊರಿನಲ್ಲಿದ್ದಾಗ ರಂಗದ ಹತ್ತಿರ ಸುಳಿಯದವರೂ ಇಲ್ಲಿಗೆ ಬಂದ ಮೇಲೆ ಕಲಾವಿದರಾಗುತ್ತಾರೆ. ನಾನೂ ಹಾಗೆ ಆದವಳೇ. ಹಗಲಿಡೀ ಶರ್ಕ್ ಎಂಬ ಪೇಟೆಯ ಒಂದು ಕಚೇರಿಯಲ್ಲಿ ಕೂತು ಬೇರೆಯವರ ಸರಕು ಬಂದರಿಗೆ ಬಂತೋ ಇಲ್ಲವೋ ಎಂದು ನೋಡುತ್ತೇನೆ. ಸಂಜೆಯಾದರೆ ಸಾಲ್ಮಿಯಾದ ಯಾರದೋ ಫ್ಲಾಟಿನಲ್ಲಿ ಸೋಫಾವನ್ನು ಗೋಡೆಗೆ ತಳ್ಳಿ, ಇದ್ದಷ್ಟು ಜಾಗದಲ್ಲಿ ರಾಣಿಯಾಗುತ್ತೇನೆ.

ಇದೆಲ್ಲ ನಡೆದ ವರ್ಷ ನಮ್ಮ ಮಾಸ್ಟ್ರು ಒಂದು ಹಳೆಯ ದುರಂತ ನಾಟಕ ಆರಿಸಿದ್ದರು. ಮಾಸ್ಟ್ರು ಎಂದರೆ ನಿರ್ದೇಶಕರು, ಎಪ್ಪತ್ತರ ಹತ್ತಿರದವರು, ಮಗನ ಮನೆಯಲ್ಲಿ ಇರುವವರು, ನಮಗೆಲ್ಲ ರಂಗದ ಮೇಲೆ ನಿಲ್ಲಲು ಕಲಿಸಿದವರು. ನಾಟಕದಲ್ಲಿ ಒಬ್ಬ ಮುದಿ ರಾಜ, ಅವನ ನಂಬಿಗಸ್ತ ಸೇನಾಪತಿ, ಬೆಣ್ಣೆಯಂಥ ಮಾತಿನ ಮಂತ್ರಿ. ಸೇನಾಪತಿ ಶತ್ರುವಿನ ಜೊತೆ ಸೇರಿದ್ದಾನೆಂದು ಮಂತ್ರಿ ರಾಜನ ಕಿವಿ ಕಚ್ಚುತ್ತಾನೆ. ಅದು ಸುಳ್ಳೆಂದು ರಾಣಿಗೆ ಗೊತ್ತು, ಪರದೆಯ ಹಿಂದೆ ನಿಂತು ಎಲ್ಲ ಕೇಳಿದ್ದಾಳೆ. ಆದರೆ ತನ್ನ ಮಗನಿಗೆ ಪಟ್ಟ ಕಟ್ಟಿಸಲು ಮಂತ್ರಿಯ ಸಹಾಯ ಬೇಕು, ಹಾಗಾಗಿ ಬಾಯಿ ಬಿಡುವುದಿಲ್ಲ. ಸೇನಾಪತಿಯ ತಲೆ ಹೋಗುತ್ತದೆ, ಆಮೇಲೆ ಒಬ್ಬೊಬ್ಬರದಾಗಿ ಎಲ್ಲರದೂ ಹೋಗುತ್ತದೆ.

ಮಂತ್ರಿಯ ಪಾತ್ರ ಅಣ್ಣನದು. ಸಂಘದ ಅಧ್ಯಕ್ಷರನ್ನು ನಾವೆಲ್ಲ, ವಯಸ್ಸಿನಲ್ಲಿ ಹಿರಿಯರಾದವರೂ, ಅಣ್ಣ ಎಂದೇ ಕರೆಯುವುದು. ಸುಲೈಬಿಯಾದಲ್ಲಿ ದೊಡ್ಡ ಗೋದಾಮುಗಳಿರುವ ಒಂದು ಕಂಪೆನಿಯಲ್ಲಿ ಅವರು ಮ್ಯಾನೇಜರ್. ಕೆಲಸದವರ ವೀಸಾ, ಇಕಾಮಾ ಎನ್ನುವ ವಾಸದ ಪರವಾನಗಿ, ರಜೆ ಎಲ್ಲ ಅವರ ಕೈಯಲ್ಲಿ. ಕಂಪೆನಿಯ ಮಾಲೀಕನಾದ ಕಫೀಲ್ ಅವರ ಮಾತಿಲ್ಲದೆ ಸಹಿ ಹಾಕುವುದಿಲ್ಲ. ಇದಕ್ಕಿಂತ ದೊಡ್ಡದೆಂದರೆ, ನಮ್ಮವರು ಯಾರಾದರೂ ಇಲ್ಲಿ ಸತ್ತರೆ ಹೆಣವನ್ನು ಊರಿಗೆ ಕಳಿಸುವವರು ಅವರೇ. ಆಸ್ಪತ್ರೆ, ಪೊಲೀಸು, ರಾಯಭಾರ ಕಚೇರಿ, ವಿಮಾನ ಎಲ್ಲದಕ್ಕೂ ಓಡಾಡಿ, ಪೆಟ್ಟಿಗೆಯ ಮೇಲೆ ಹಾರ ಇಡಿಸಿ ಕಳಿಸುತ್ತಾರೆ. ನನ್ನ ಗಂಡನ ಚಿಕ್ಕಪ್ಪನನ್ನೂ ಹಾಗೆಯೇ ಕಳಿಸಿಕೊಟ್ಟವರು. ಈ ಉಪಕಾರವನ್ನು ನಾನು ಸುಳ್ಳೆನ್ನುವುದಿಲ್ಲ.

ವಿಚಿತ್ರವೆಂದರೆ ಮಂತ್ರಿಯ ಪಾತ್ರ ಅವರಿಗೆ ಒಗ್ಗುತ್ತಲೇ ಇರಲಿಲ್ಲ. ಕೆಟ್ಟ ಮಾತು ಬಂದಾಗಲೆಲ್ಲ ನಕ್ಕು ಮೆತ್ತಗೆ ಮಾಡುತ್ತಿದ್ದರು. ಮಾಸ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು.

"ನೀವು ಇವನನ್ನು ಸಂತ ಮಾಡ್ತಾ ಇದ್ದೀರಿ ಮಾರಾಯ್ರೆ. ಇವ ನಂಬಿಸಿ ಕತ್ತು ಕೊಯ್ಯುವವ. ಸ್ವಲ್ಪ ವಿಷ ಬರ್ಲಿ."

"ಎಂಥ ಮಾಡುದು ಮಾಸ್ಟ್ರೇ, ನನ್ನ ಬಾಯಲ್ಲಿ ಅದು ಬರುದೇ ಇಲ್ಲ," ಎನ್ನುತ್ತಿದ್ದರು ಅಣ್ಣ. "ಜನ ನನ್ನನ್ನು ಹಾಗೆ ತಿಳ್ಕೊಂಡ್ರೆ?"

ನಾವೆಲ್ಲ ನಗುತ್ತಿದ್ದೆವು. ಎಂಥ ಒಳ್ಳೆಯ ಮನುಷ್ಯ ಎಂದು ನಾನೂ ನಕ್ಕಿದ್ದೇನೆ.

ಸೇನಾಪತಿಯ ಪಾತ್ರದವನು ಅದೇ ಕಂಪೆನಿಯ ಸ್ಟೋರ್‌ಕೀಪರ್. ಮೂವತ್ತು ದಾಟಿದವನು, ಬೆಳ್ತಂಗಡಿ ಕಡೆಯವನು. ಕೆಲಸದವರ ಕ್ಯಾಂಪಿನಲ್ಲಿ ನಾಲ್ಕು ಜನರ ಕೋಣೆಯಲ್ಲಿ ಇರುತ್ತಿದ್ದ. ಅವನು ಬಾಯಿ ತೆರೆದರೆ ಕೋಣೆಯ ಆ ತುದಿಯಲ್ಲಿ ಮೊಬೈಲು ನೋಡುವ ಮಕ್ಕಳೂ ತಲೆ ಎತ್ತುತ್ತಿದ್ದವು. ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗಳು ಕೂಡ ಅವನ ಮಾತನ್ನು ಸ್ನಾನದ ಮನೆಯಲ್ಲಿ ಹೇಳಿಕೊಳ್ಳುತ್ತಿದ್ದಳು.

ಅವನಿಗೆ ಊರಿನಲ್ಲಿ ಹೆಂಡತಿ, ಒಬ್ಬಳು ಪುಟ್ಟ ಮಗಳು. ಹಿಂದಿನ ರಜೆಯಲ್ಲಿ ಹೋದಾಗ ಆ ಮಗು ಇವನನ್ನು ಅಂಕಲ್ ಎಂದು ಕರೆದಿತ್ತಂತೆ. ನಗುತ್ತಾ ಹೇಳಿದ, ಹೇಳಿ ಮುಖ ಆ ಕಡೆ ತಿರುಗಿಸಿದ. ಆ ವರ್ಷ ಅವನಿಗೆ ಶರ್ಕಿನಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಹೆಂಡತಿ ಮಗಳನ್ನು ಕರೆಸಿಕೊಳ್ಳಬಹುದಾದ ಕೆಲಸ. ಹಳೆಯ ಕಂಪೆನಿಯಲ್ಲಿ ಮೂರು ವರ್ಷ ಮುಗಿಸಿದ್ದರಿಂದ ಯಾರ ಅಪ್ಪಣೆಯೂ ಬೇಡ, ಕಾನೂನಿನ ಪ್ರಕಾರ ತಾನಾಗಿಯೇ ಬದಲಾಯಿಸಿಕೊಳ್ಳಬಹುದಿತ್ತು. ಆದರೆ ಅವನು ಹೋಗಿ ಅಣ್ಣನಿಗೆ ಹೇಳಿದ.

"ಅನ್ನ ಕೊಟ್ಟವರಿಗೆ ಹೇಳದೆ ಹೋದ್ರೆ ಸರಿಯಾ ಅಕ್ಕ?" ಎಂದು ನನ್ನ ಹತ್ತಿರ ಹೇಳಿದ. ಅಣ್ಣ ಅವನನ್ನು ಅಪ್ಪಿಕೊಂಡು, ಒಳ್ಳೆಯದಾಗಲಿ, ನಾಟಕ ಒಂದು ಮುಗಿಸಿಕೊಡು ಎಂದರಂತೆ.

ಅದಾಗಿ ಕೆಲವು ದಿನಕ್ಕೆ ಪ್ರಾಕ್ಟೀಸಿನ ನಡುವೆ ಚಹಾ ಕುಡಿಯುತ್ತಿದ್ದೆವು. ನಾಟಕದ ತಂಡವೆಲ್ಲ ಅಲ್ಲೇ ಇತ್ತು. ಸೇನಾಪತಿಗೆ ಕತ್ತಿವರಸೆ ಇನ್ನೂ ಕೂಡಿ ಬಂದಿಲ್ಲ, ಗೋದಾಮಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಸುಸ್ತಾಗಿರುತ್ತಾನೆ ಎಂದು ಮಾಸ್ಟ್ರು ಗೊಣಗಿದರು. ಅಣ್ಣ ಲೋಟ ಕೆಳಗಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಈ ವಾರ ನೀನು ಡ್ಯೂಟಿಗೆ ಬರುದೇ ಬೇಡ ಮಾರಾಯಾ. ಹಗಲು ಮಾಸ್ಟ್ರ ಮನೆಗೆ ಹೋಗಿ ಪ್ರಾಕ್ಟೀಸ್ ಮಾಡು. ರಜೆಯದ್ದು ನಾನು ನೋಡ್ಕೊಳ್ತೇನೆ. ಖಲಾಸ್."

ನಾವು ಚಪ್ಪಾಳೆ ಹೊಡೆದೆವು. ರಜೆ ಚೀಟಿ ಬರೆದು ಸಹಿ ಹಾಕಿಸಿಕೋ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವನಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಕೇಳುತ್ತಿರಲಿಲ್ಲ. ನಮ್ಮ ಕಡೆ ಅಣ್ಣ ಎಂದು ಕರೆದ ಬಾಯಲ್ಲಿ ಚೀಟಿ ಕೇಳುವುದೆಂದರೆ, ನಿಮ್ಮ ಮೇಲೆ ನಂಬಿಕೆ ಇಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಬೇರೆ ಊರಿನ ಮ್ಯಾನೇಜರ್ ಆಗಿದ್ದರೆ ಆ ಹುಡುಗ ಖಂಡಿತ ಕಾಗದ ಕೇಳುತ್ತಿದ್ದ, ಬಚಾವಾಗುತ್ತಿದ್ದ. ನಮ್ಮವರು ಎಂದು ನಂಬಿಯೇ ಕೆಟ್ಟ.

ಆ ವಾರ ಅವನು ಮಾಸ್ಟ್ರ ಮನೆಯಲ್ಲಿ ಮರದ ಕತ್ತಿ ಬೀಸುತ್ತಿದ್ದಾಗ, ಅಣ್ಣ ತಮ್ಮ ಕಚೇರಿಯಲ್ಲಿ ಕೂತು ಅವನು ಕೆಲಸ ಬಿಟ್ಟು ಓಡಿಹೋಗಿದ್ದಾನೆಂದು ಸರಕಾರಕ್ಕೆ ದೂರು ಹಾಕಿದರು. ಇಲ್ಲಿ ಅದಕ್ಕೆ ಅಬ್ಸ್‌ಕಾಂಡಿಂಗ್ ಕೇಸು ಎನ್ನುತ್ತಾರೆ. ಅದೊಂದು ಮೈಮೇಲೆ ಬಿದ್ದರೆ ಕೆಲಸ ಬದಲಾಯಿಸುವಂತಿಲ್ಲ, ದುಡಿಯುವಂತಿಲ್ಲ. ದಾರಿಯಲ್ಲಿ ಪೊಲೀಸರು ಹಿಡಿದು ಇಕಾಮಾ ಕೇಳಿದರೆ ಒಳಗೆ ಹಾಕುತ್ತಾರೆ. ಆಮೇಲೆ ಬೆರಳಚ್ಚು ತೆಗೆದು ಊರಿಗೆ ಅಟ್ಟಿದರೆ ಮತ್ತೆ ಈ ದೇಶಕ್ಕೆ ಕಾಲಿಡುವಂತಿಲ್ಲ. ದೂರು ಹಾಕಿದ ದಿನ ಸಂಜೆಯೂ ಅಣ್ಣ ಪ್ರಾಕ್ಟೀಸಿಗೆ ಬಂದಿದ್ದರು. ಎಲ್ಲರಿಗೂ ಗೋಳಿಬಜೆ ತಂದಿದ್ದರು. ಸೇನಾಪತಿಯ ತಟ್ಟೆಗೆ ತಾವೇ ಬಡಿಸಿದರು.

ಹೊಸ ಕೆಲಸದ ಕಾಗದ ಮಾಡಿಸಲು ಹೋದಾಗ ಅವನಿಗೆ ಗೊತ್ತಾಯಿತು. ಆಗಲೂ ಅವನು ಅಣ್ಣನನ್ನು ಸಂಶಯಿಸಲಿಲ್ಲ. ಏನೋ ತಪ್ಪಾಗಿದೆ ಎಂದು ಅವರ ಹತ್ತಿರವೇ ಓಡಿದ. ಅಯ್ಯೋ, ಕಂಪ್ಯೂಟರಿನ ತಪ್ಪು, ನಾನು ನೋಡ್ತೇನೆ ಎಂದು ಅವರು ಬೆನ್ನು ತಟ್ಟಿದರು. ಇವನು ಕಾದ. ಕೊನೆಗೆ ನನಗೆ ಫೋನು ಮಾಡಿ ಅತ್ತ. ಗಂಡಸರು ಅಳುವುದನ್ನು ನಾನು ಈ ದೇಶದಲ್ಲಿ ಬೇಕಾದಷ್ಟು ನೋಡಿದ್ದೇನೆ, ಆದರೆ ಆ ಸ್ವರದಲ್ಲಿ ಅಳು ಕೇಳಿದ್ದು ಅದೇ ಮೊದಲು.

ನಾನು ಊಟದ ಬಿಡುವಿನಲ್ಲಿ ಟ್ಯಾಕ್ಸಿ ಹಿಡಿದು ಅಣ್ಣನ ಕಚೇರಿಗೆ ಹೋದೆ. ಏಲಕ್ಕಿ ಹಾಕಿದ ಚಹಾ ತರಿಸಿದರು. ನಾನು ಮುಟ್ಟಲಿಲ್ಲ.

"ಅಣ್ಣ, ಅವನಿಗೆ ರಜೆ ಕೊಟ್ಟದ್ದು ನೀವೇ. ನಮ್ಮೆಲ್ಲರ ಎದುರು ಹೇಳಿದ್ದೀರಿ."

"ಯಾರ ಎದುರು?" ಎಂದರು. ಅದೇ ನಗು.

"ನನ್ನ ಎದುರು."

"ನೋಡಿ, ನಿಮ್ಗೆ ಗೊತ್ತಾಗುದಿಲ್ಲ. ಈ ವರ್ಷ ನಾನು ತಂದ ಜನವೇ ಒಬ್ಬೊಬ್ಬರಾಗಿ ಬಿಟ್ಟು ಹೋಗ್ತಾ ಇದ್ದಾರೆ. ಕಫೀಲ್ ನನ್ನನ್ನು ಕರೆದು, ನಿನ್ನ ಊರಿನವರಿಗೆ ನಿನ್ನ ಮೇಲೆ ಮರ್ಯಾದೆ ಇಲ್ವಾ ಅಂತ ಕೇಳಿದ. ಒಬ್ಬನಿಗಾದ್ರೂ ಸ್ವಲ್ಪ ಬಿಸಿ ಮುಟ್ಟಿಸದಿದ್ರೆ ಹೇಗೆ? ಅವನ ಮೇಲೆ ನಂಗೆ ದ್ವೇಷ ಎಂಥದ್ದೂ ಇಲ್ಲ. ತಮ್ಮನ ಹಾಗೆ ಅವ. ಚಾ ಕುಡೀರಿ, ತಣ್ಣಗಾಗ್ತದೆ."

ನಾಟಕದ ಮಂತ್ರಿಗಾದರೂ ರಾಜ್ಯದ ಆಸೆ ಇತ್ತು. ಇವರಿಗೆ ಬೇಕಾಗಿದ್ದದ್ದು ಕಫೀಲನ ಎದುರು ತಲೆ ಎತ್ತಿ ನಿಲ್ಲುವುದು, ಅಷ್ಟೇ. ಅಷ್ಟಕ್ಕೆ ಒಬ್ಬನ ಹೆಂಡತಿ ಮಗಳ ಬದುಕನ್ನು ಕಾಲಡಿ ಹಾಕಿದರು. ದ್ವೇಷ ಇದ್ದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೋ ಏನೋ. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಎಂದು ನನ್ನ ಅಜ್ಜಿ ಹೇಳುತ್ತಿದ್ದದ್ದು ಇಂಥವರಿಗೇ.

ಕಾರ್ಮಿಕರ ಸರಕಾರಿ ಕಚೇರಿಯಲ್ಲಿ ಸೇನಾಪತಿಯಿಂದ ದೂರು ಕೊಡಿಸಿದೆವು. ಅವನಿಗೆ ಬಾಯಿಮಾತಿನಲ್ಲಿ ರಜೆ ಸಿಕ್ಕಿತ್ತೆಂದು ಹೇಳುವ ಸಾಕ್ಷಿಗಳು ಬೇಕು ಎಂದರು. ಸಾಕ್ಷಿಗಳಿಗೇನು ಬರ, ಇಡೀ ತಂಡ ಕೇಳಿಸಿಕೊಂಡಿದೆ ಎಂದುಕೊಂಡು ನಾನು ಒಬ್ಬೊಬ್ಬರಿಗೆ ಫೋನು ಮಾಡಲು ಕೂತೆ.

ರಾಜನ ಪಾತ್ರದವರು, ಆಗ ನಾನು ಚಹಾಕ್ಕೆ ಸಕ್ಕರೆ ತರಲು ಒಳಗೆ ಹೋಗಿದ್ದೆ ಎಂದರು. ಸಕ್ಕರೆ ಕಾಯಿಲೆಯ ಮನುಷ್ಯ! ದೂತನ ಪಾತ್ರದವನು, ಅಕ್ಕ, ನನ್ನ ತಮ್ಮನ ವೀಸಾ ಅಣ್ಣನ ಮೇಜಿನ ಮೇಲೆ ಉಂಟು ಎಂದ. ಅವನಾದರೂ ನಿಜ ಹೇಳಿದ. ಇನ್ನೊಬ್ಬರು, ಮೊದಲು ನಾಟಕ ಚಂದದಲ್ಲಿ ಮುಗಿಯಲಿ, ಮತ್ತೆ ಕೂತು ಮಾತಾಡುವ ಎಂದರು. ಮತ್ತೊಬ್ಬರು ನನಗೇ ಬುದ್ಧಿ ಹೇಳಿದರು, ನೀರಿನಲ್ಲಿದ್ದು ಮೊಸಳೆಯ ಜೊತೆ ವೈರ ಕಟ್ಟಿಕೊಳ್ಳಬಾರದು ಎಂದು. ಹಿಂದಿನ ವಾರದವರೆಗೆ ದೇವರಾಗಿದ್ದವರು ಇವರ ಬಾಯಲ್ಲೇ ಮೊಸಳೆಯಾದರಲ್ಲ, ಅದೂ ಅವರಿಗೆ ಗೊತ್ತಾಗಲಿಲ್ಲ.

ಗಂಡ ಟಿವಿ ನೋಡುತ್ತಲೇ ಕೇಳಿದರು, "ನಾಳೆ ನಮ್ಗೇ ಏನಾದ್ರೂ ಆದ್ರೆ ಹೆಣ ಕಳಿಸುವವರು ಯಾರು, ಹೇಳು?"

"ಬದುಕಿದವನನ್ನು ಹೆಣ ಮಾಡ್ತಾ ಇದ್ದಾರಲ್ಲ, ಅದಕ್ಕೆ ಏನು ಹೇಳ್ತೀರಿ?"

ಅವರು ಟಿವಿಯ ಸ್ವರ ಸ್ವಲ್ಪ ಜಾಸ್ತಿ ಮಾಡಿದರು. ಆ ರಿಮೋಟನ್ನು ಎತ್ತಿ ಕಿಟಕಿಯಿಂದ ಎಸೆಯಬೇಕು ಎನಿಸಿತ್ತು. ಎಸೆಯದೆ ಬಿಟ್ಟದ್ದಕ್ಕೆ ಈಗಲೂ ಬೇಜಾರಿದೆ.

ಬರುತ್ತೇನೆ ಎಂದವರು ಒಬ್ಬರೇ, ದಾಸಿಯ ಪಾತ್ರ ಮಾಡುತ್ತಿದ್ದ ನರ್ಸ್ ಬಾಯಿ. ಶಿರ್ವದ ಕಡೆಯ ಕೊಂಕಣಿಯವರು, ಅವರಲ್ಲಿ ಹೆಂಗಸರನ್ನು ಬಾಯಿ ಎಂದೇ ಕರೆಯುವುದು, ಒಂದು ಆಸ್ಪತ್ರೆಯಲ್ಲಿ ಕೆಲಸ. ವಿಚಾರಣೆಯ ದಿನ ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟ ಕಣ್ಣಿನಲ್ಲೇ ಬೆಳಿಗ್ಗೆ ಆ ಕಚೇರಿಗೆ ಬಂದರು. "ನಾನು ಕೇಳಿದ್ದೇನೆ, ಹೇಳ್ತೇನೆ. ಅದಕ್ಕೆ ಯೋಚನೆ ಮಾಡ್ಲಿಕ್ಕೆ ಎಂಥ ಉಂಟು?" ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಮಾಸ್ಟ್ರಿಗೆ ಮಾತ್ರ ನಾನು ಫೋನು ಮಾಡಿರಲಿಲ್ಲ. ಅವರಿಗೆ ಹೇಳಬೇಕಾದ ಅಗತ್ಯವಿಲ್ಲ, ಅವರು ಬಂದೇ ಬರುತ್ತಾರೆ ಎಂದುಕೊಂಡಿದ್ದೆ. ಆ ವಾರವಿಡೀ ಸೇನಾಪತಿ ಇದ್ದದ್ದು ಅವರ ಮನೆಯಲ್ಲಿ, ಉಂಡದ್ದು ಅವರ ಸೊಸೆ ಬಡಿಸಿದ ಊಟ. ಮಾಸ್ಟ್ರು ಬಂದರು ನಿಜ. ಅಣ್ಣನ ಕಾರಿನಿಂದ ಇಳಿದರು.

ಅಧಿಕಾರಿ ಸೇನಾಪತಿಯ ಕಡೆ ಕೈ ತೋರಿಸಿ, ಇವನಿಗೆ ರಜೆ ಕೊಟ್ಟದ್ದನ್ನು ಕೇಳಿದ್ದೀರಾ ಎಂದು ಮಾಸ್ಟ್ರನ್ನು ಕೇಳಿದರು. ಪಕ್ಕದಲ್ಲಿದ್ದವರು ಅದನ್ನು ಹಿಂದಿಯಲ್ಲಿ ಹೇಳಿದರು. ಮಾಸ್ಟ್ರು ಸೇನಾಪತಿಯ ಮುಖ ನೋಡಿದರು. ನೋಡಿ, ಇಲ್ಲ ಎಂದರು. ಇವನು ಆ ದಿನಗಳಲ್ಲಿ ನಿಮ್ಮ ಮನೆಗೆ ಬಂದಿದ್ದನೇ? ಇಲ್ಲ. ರೆಪ್ಪೆ ಕೂಡ ಅಲ್ಲಾಡಲಿಲ್ಲ. ರಂಗದ ಮೇಲೆ ಕಣ್ಣು ಸುಳ್ಳು ಹೇಳಬಾರದು ಮಕ್ಕಳೇ ಎಂದು ನಮಗೆ ಕಲಿಸಿದ ಮನುಷ್ಯ! ಜೀವಮಾನದಲ್ಲಿ ಅವರು ಅದಕ್ಕಿಂತ ಚೆನ್ನಾಗಿ ಅಭಿನಯಿಸಿದ್ದನ್ನು ನಾನು ನೋಡಿಲ್ಲ. ಅವರ ಮಗನ ಕೆಲಸವೂ ಅಣ್ಣನ ಕಂಪೆನಿಯಲ್ಲೇ ಎಂಬುದು ನನಗೆ ಅಲ್ಲಿ ನಿಂತಾಗ ನೆನಪಾಯಿತು.

ನಾನೂ ನರ್ಸ್ ಬಾಯಿಯೂ ಗಂಟಲು ಹರಿಯುವಷ್ಟು ಹೇಳಿದೆವು. ಎರಡೂ ಕಡೆ ಸಾಕ್ಷಿ ಇದೆ, ತೀರ್ಮಾನಕ್ಕೆ ಸಮಯ ಹಿಡಿಯುತ್ತದೆ, ನಿಮ್ಮೊಳಗೆ ರಾಜಿಯಾದರೆ ಒಳ್ಳೆಯದು ಎಂದು ಅಧಿಕಾರಿ ಕೈ ತೊಳೆದುಕೊಂಡರು. ಅಷ್ಟು ದಿನ ಸೇನಾಪತಿ ಎಲ್ಲಿ ಅಡಗಿರುವುದು, ಏನು ತಿನ್ನುವುದು? ಹೊಸ ಕಂಪೆನಿಯವರು ಆಗಲೇ ಬೇರೆಯವನನ್ನು ತೆಗೆದುಕೊಂಡಿದ್ದರು.

ಆಗ ಅಣ್ಣ ದೊಡ್ಡ ಮನಸ್ಸು ಮಾಡಿದರು. ಇದು ನನ್ನ ಮಾತಲ್ಲ, ಸಂಘದವರ ಮಾತು. ಕೇಸು ತೆಗೆಸುತ್ತೇನೆ, ಇಕಾಮಾ ರದ್ದು ಮಾಡಿಸಿಕೊಂಡು ಊರಿಗೆ ಹೋಗಲಿ, ಬೆರಳಚ್ಚು ಇಲ್ಲದೆ ಮರ್ಯಾದೆಯಿಂದ ಹೋಗಲಿ ಎಂದರು. ಆದರೆ ನಾಟಕದಲ್ಲಿ ಪಾರ್ಟು ಮಾಡಿಯೇ ಹೋಗಬೇಕು, ಕೇಸು ತೆಗೆಯುವುದು ಅದರ ಮರುದಿನ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂದರೆ ಇದೇ. ತೂಗಿದ್ದನ್ನು ನೋಡಿ ಎಲ್ಲರೂ ಅಣ್ಣನನ್ನು ಹೊಗಳಿದ್ದೇ ಹೊಗಳಿದ್ದು.

ನಾನು ರಾಣಿಯ ಪಾತ್ರ ಬಿಡುತ್ತೇನೆ, ರಂಗದ ಮೇಲೆಯೇ ಮೈಕು ಹಿಡಿದು ಎಲ್ಲ ಹೇಳಿಬಿಡುತ್ತೇನೆ ಎಂದೆ. ಸೇನಾಪತಿ ನಮ್ಮ ಮನೆಗೆ ಬಂದು ಬಾಗಿಲಲ್ಲೇ ಕೈ ಮುಗಿದ.

"ಅಕ್ಕ, ನಿಮ್ಮ ಕಾಲು ಹಿಡೀತೇನೆ. ಒಂದು ಮಾತೂ ಆಡ್ಬೇಡಿ. ಅವರು ಮುನಿಸ್ಕೊಂಡ್ರೆ ಕೇಸು ಹಾಗೇ ಉಳೀತದೆ. ನಂಗೆ ಮನೆಗೆ ಹೋಗ್ಬೇಕು."

ನಾಟಕದ ದಿನ ಶಾಲೆಯ ಸಭಾಂಗಣ ತುಂಬಿತ್ತು. ಅವನ ಮಾತಿಗೆ ಕಟ್ಟುಬಿದ್ದು ನಾನೂ ರಾಣಿಯ ಬಣ್ಣ ಹಚ್ಚಿಕೊಂಡೆ. ಕೊನೆಯ ಅಂಕದಲ್ಲಿ ಸೇನಾಪತಿಯನ್ನು ಕಟ್ಟಿ ತರುತ್ತಾರೆ. ನಾನು ನಿಮ್ಮ ಉಪ್ಪು ತಿಂದವನು, ನಿಮಗೆ ಎರಡು ಬಗೆಯಲಿಲ್ಲ ಎಂದು ಅವನು ರಾಜನಿಗೆ ಹೇಳಬೇಕು. ಪ್ರಾಕ್ಟೀಸಿನಲ್ಲಿ ಗುಡುಗುತ್ತಿದ್ದವನು ಆ ದಿನ ಮೆಲ್ಲಗೆ ಹೇಳಿದ. ರಾಜನನ್ನು ನೋಡಲಿಲ್ಲ, ನೆಲ ನೋಡಿ ಹೇಳಿದ. ಸಭೆಯಲ್ಲಿ ಹೆಂಗಸರು ಮೂಗು ಒರೆಸುವ ಸದ್ದು ಕೇಳಿತು. ಪಕ್ಕದ ಪರದೆಯ ಮರೆಯಲ್ಲಿ ಸಕ್ಕರೆ ತರಲು ಹೋಗಿದ್ದವರೂ, ಮತ್ತೆ ಮಾತಾಡುವ ಎಂದವರೂ ಕಣ್ಣು ಒರೆಸಿಕೊಂಡರು. ಮಾಸ್ಟ್ರು ಬಿಕ್ಕಿ ಅತ್ತರು. ನಾಚಿಕೆಗೆಟ್ಟವರು! ಸರಕಾರಿ ಕಚೇರಿಯಲ್ಲಿ ಒಂದು ಮಾತು ಬಾರದವರಿಗೆ ಇಲ್ಲಿ ಕಣ್ಣೀರು ಮಾತ್ರ ಧಾರಾಳವಾಗಿ ಬಂತು.

ನಾಟಕ ಮುಗಿದ ಮೇಲೆ ಸನ್ಮಾನ. ಊರಿಗೆ ಶಾಶ್ವತವಾಗಿ ಹೋಗುವವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವುದು ನಮ್ಮ ಸಂಘದ ಪದ್ಧತಿ. ಕುಟುಂಬದ ಕಾರಣಕ್ಕಾಗಿ ತಾಯ್ನಾಡಿಗೆ ಮರಳುತ್ತಿರುವ ನಮ್ಮ ನೆಚ್ಚಿನ ಕಲಾವಿದ ಎಂದು ಮೈಕಿನಲ್ಲಿ ಕರೆದರು. ಶಾಲಿನ ಹರಿವಾಣ ನನ್ನ ಕೈಗೆ ಕೊಟ್ಟರು. ರಾಣಿಯ ವೇಷದಲ್ಲೇ ನಿಂತಿದ್ದೆ. ಮಂತ್ರಿಯ ವೇಷದಲ್ಲಿದ್ದ ಅಣ್ಣ ಅವನಿಗೆ ಶಾಲು ಹೊದೆಸಿ, ತಬ್ಬಿಕೊಂಡು, ಗದ್ಗದವಾಗಿ ಎರಡು ಮಾತಾಡಿದರು. ಹಿರಿಯರು ಶಾಲು ಹೊದೆಸಿದರೆ ಕಿರಿಯರು ಕಾಲು ಮುಟ್ಟಬೇಕು. ಅವನು ಬಗ್ಗಿ ಅಣ್ಣನ ಎರಡೂ ಪಾದ ಮುಟ್ಟಿದ. ನನ್ನ ಕೈಯ ಹರಿವಾಣ ವಾಲಿ ಕುಂಕುಮ ಸೀರೆಯ ಮೇಲೆ ಚೆಲ್ಲಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅವನ ವಿಮಾನ ಮಂಗಳೂರು ಮುಟ್ಟಿದ್ದು ಖಾತ್ರಿಯಾದ ಮೇಲೆ ನಡೆದದ್ದನ್ನೆಲ್ಲ ಸಂಘದ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಎಲ್ಲರೂ ಓದಿದರು. ಅದರ ಕೆಳಗೆ ಯಾರೋ ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಎಂದರು. ಮಧ್ಯಾಹ್ನದೊಳಗೆ ನನ್ನನ್ನು ಗುಂಪಿನಿಂದ ತೆಗೆದಿದ್ದರು. ಈಗ ನರ್ಸ್ ಬಾಯಿ ಒಬ್ಬರು ಶುಕ್ರವಾರ ಮನೆಗೆ ಬರುತ್ತಾರೆ.

ಕೆಲವು ತಿಂಗಳಾದ ಮೇಲೆ ಸೇನಾಪತಿಯ ಫೋನು ಬಂತು. ಊರಿನಲ್ಲಿ ಸರಿಯಾದ ಕೆಲಸ ಸಿಕ್ಕಿರಲಿಲ್ಲ. ಹಿಂದಿನಿಂದ ಮಗುವಿನ ಮಾತು ಕೇಳುತ್ತಿತ್ತು. ನನ್ನ ಗಂಡನನ್ನು, ಮಗಳನ್ನು ವಿಚಾರಿಸಿದ.

"ಅಕ್ಕ, ಅಣ್ಣನ ಕಂಪೆನಿಗೆ ಜನ ಬೇಕಂತೆ, ಹೌದಾ? ನನ್ನ ಬಗ್ಗೆ ಒಂದು ಮಾತು ಅವರಿಗೆ ಹೇಳ್ತೀರಾ? ಬೇರೆ ಯಾರೂ ವೀಸಾ ಕೊಡುವವರು ನಂಗೆ ಗೊತ್ತಿಲ್ಲ."

ಲೈನು ಕಡಿಯಿತೆಂದು ತಿಳಿದು ಅವನು ಎರಡು ಸಲ ಹಲೋ ಎಂದ. ಆಮೇಲೆ ತಗ್ಗಿದ ಸ್ವರದಲ್ಲಿ ಕೇಳಿದ.

"ಅಣ್ಣನಿಗೆ ನನ್ನ ಮೇಲೆ ಕೋಪ ಎಂಥದ್ದೂ ಇಲ್ಲ ಅಲ್ವಾ ಅಕ್ಕ?"